ಮೇಲಿನವನ ಮಾತು ನಿಂತರೆ

ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್. ಬೋರ್ಡೋ ದ್ರಾವಣದ ಲೆಕ್ಕ ಇಷ್ಟೇ. ಅಡಿಕೆ ಸೀಮೆಯ ಶಾಲೆ ಮಕ್ಕಳಿಗೂ ಬಾಯಿಪಾಠ. ಮೈಲುತುತ್ತವನ್ನು ಐವತ್ತು ಲೀಟರ್ ನೀರಿನಲ್ಲಿ, ಸುಣ್ಣವನ್ನು ಇನ್ನೈವತ್ತರಲ್ಲಿ ಬೇರೆ ಬೇರೆಯಾಗಿ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರು ಸುರಿಯುತ್ತ ಕೋಲಿನಲ್ಲಿ ತಿರುವುತ್ತಿರಬೇಕು. ಕಬ್ಬಿಣದ ಪಾತ್ರೆ ಕೂಡದು. ಜೂನ್ ಮೊದಲ ವಾರ, ಮೃಗಶಿರಾ ಮಳೆ ಹಿಡಿಯುವ ಮೊದಲು, ಶಿರಸಿ, ಸಿದ್ದಾಪುರ, ಸಾಗರದ ಕಡೆಯ ತೋಟಗಳಲ್ಲಿ ತಿಳಿನೀಲಿ ದ್ರಾವಣ ತುಂಬಿದ ಪ್ಲಾಸ್ಟಿಕ್ ಡ್ರಮ್ಮುಗಳು ಸಾಲಾಗಿ ಕಾಣುತ್ತವೆ. ತೋಟದ ಯಜಮಾನರು ತಾವೇ ತೂಕ ಮಾಡಿ ಹಾಕಿರುತ್ತಾರೆ, ಪಿಎಚ್ ಕಾಗದ ಅದ್ದಿಯೂ ನೋಡಿರುತ್ತಾರೆ. ಆದರೂ ಮರ ಹತ್ತುವವ ಬಂದು, ಸೊಂಟದ ಕತ್ತಿ ತೆಗೆದು, ಅದರ ಬಾಯನ್ನು ಡ್ರಮ್ಮಿನಲ್ಲಿ ಒಂದು ನಿಮಿಷ ಮುಳುಗಿಸಿ ಎತ್ತುವವರೆಗೆ ಕೆಲಸ ಶುರುವಾಗುವುದಿಲ್ಲ. ಕತ್ತಿಯ ಮೇಲೆ ಕೆಂಪು ಕೂತಿತೆಂದರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ, ಎಳೆಗಾಯಿ ಸುಡುತ್ತದೆ. "ವಡ್ಯಾ, ಇನ್ನೊಂದ್ ಬೊಗಸೆ ಸುಣ್ಣ" ಎನ್ನುತ್ತಾನೆ. ಯಜಮಾನರು ತುಟಿಪಿಟಕ್ಕೆನ್ನದೆ ಹಾಕುತ್ತಾರೆ.

ಇವನು ಕೊನೆಗೌಡ. ಮಳೆಗಾಲದಲ್ಲಿ ಔಷಧಿ ಹೊಡೆಯುವವನು, ದೀಪಾವಳಿಯ ಆಚೀಚೆ ಕೊನೆ, ಅಂದರೆ ಅಡಿಕೆ ಗೊಂಚಲು, ಕೊಯ್ಯುವವನು. ಅಡಿಕೆ ಮರಕ್ಕೆ ಇರುವ ವೈದ್ಯನೂ ಅವನೇ, ಕ್ಷೌರಿಕನೂ ಅವನೇ. ಪುತ್ತೂರು, ಸುಳ್ಯದ ಕಡೆ ಇದೇ ಕೆಲಸಕ್ಕೆ ಮದ್ದು ಬಿಡುವುದು ಅನ್ನುತ್ತಾರೆ. ಊರು ಬದಲಾದರೆ ಮಾತು ಬದಲಾಗುತ್ತದೆ, ಮರದ ಎತ್ತರ ಬದಲಾಗುವುದಿಲ್ಲ. ಹಳೆಯ ತೋಟದ ಮರಗಳು ಅರವತ್ತು ಅಡಿ ಮುಟ್ಟುತ್ತವೆ, ದಾಟುವುದೂ ಉಂಟು. ಕಾಂಡ ಮಾತ್ರ ಎರಡು ಅಂಗೈ ಕೂಡಿಸಿ ಸುತ್ತಿ ಹಿಡಿಯುವಷ್ಟೇ ದಪ್ಪ.

ಈ ಔಷಧಿ ಹೊಡೆಯುವುದು ಕೊಳೆರೋಗಕ್ಕೆ. ಅದರ ಚರಿತ್ರೆ ಬರೆಯುವವರು ಲೆಸ್ಲಿ ಕೋಲ್ಮನ್ ಹೆಸರಿನಿಂದ ಶುರು ಮಾಡುತ್ತಾರೆ. ಅದು ನ್ಯಾಯವೇ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಶಿಲೀಂಧ್ರ ಮತ್ತು ಕೀಟ ತಜ್ಞನಾಗಿ ಬಂದ ಕೆನಡಾದ ಈ ವಿಜ್ಞಾನಿ, ಮಲೆನಾಡಿನ ಮಳೆಯಲ್ಲಿ ತೋಟ ತಿರುಗಿ, ಎಳೆಗಾಯಿ ಕೊಳೆತು ಉದುರುವುದು ಫೈಟಾಫ್ಥೊರಾ ಎಂಬ ಶಿಲೀಂಧ್ರದಿಂದ ಎಂದು ತೋರಿಸಿದರು. 1910ರಲ್ಲಿ ಆ ಬಗ್ಗೆ ಪುಸ್ತಿಕೆ ಬಂತು, ಬೋರ್ಡೋ ದ್ರಾವಣ ಹೊಡೆಯಿರಿ ಎಂಬ ಸಲಹೆಯೂ ಬಂತು. ದ್ರಾವಣದ ಹುಟ್ಟಿನ ಕತೆ ಇನ್ನೂ ಸ್ವಾರಸ್ಯದ್ದು. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ಬೆಳೆಗಾರರು ದಾರಿ ಬದಿಯ ಬಳ್ಳಿಗೆ ಕಳ್ಳರು ಕೈ ಹಾಕದಿರಲೆಂದು ತುತ್ತ, ಸುಣ್ಣ ಕಲಸಿ ಬಳಿಯುತ್ತಿದ್ದರು. ಬಳಿದ ಬಳ್ಳಿಗೆ ರೋಗ ಬಂದಿಲ್ಲವೆಂಬುದನ್ನು ಮಿಲಾರ್ಡೆ ಎಂಬ ಪ್ರೊಫೆಸರ್ ಗಮನಿಸಿ, 1885ರಲ್ಲಿ ಪ್ರಕಟಿಸಿದ. ದ್ರಾಕ್ಷಿಗೆ ನಿಂತಲ್ಲೇ ಹೊಡೆಯಬಹುದು. ಅಡಿಕೆಗೆ ಹೊಡೆಯಬೇಕೆಂದರೆ ಮಳೆಗಾಲದಲ್ಲಿ, ಪಾಚಿಗಟ್ಟಿದ ಮರದ ತುದಿಯಲ್ಲಿ ಮನುಷ್ಯ ಬೇಕು. ಆ ಮನುಷ್ಯ ಕೋಲ್ಮನ್ ಬರುವ ಮೊದಲೇ ಇಲ್ಲಿದ್ದ. ಆಗ ಒಂದೊಂದು ಕೊನೆಗೂ ಕೊಟ್ಟೆ ಕಟ್ಟಿ ಮಳೆನೀರು ತಾಗದಂತೆ ಮಾಡುತ್ತಿದ್ದರು. ಕೊಟ್ಟೆ ಕಟ್ಟುತ್ತಿದ್ದ ಕೈಗೇ ಪಿಚಕಾರಿ ಬಂತು. ಈಗ ಪ್ಲಾಸ್ಟಿಕ್ ಕೊಟ್ಟೆ ಕಟ್ಟುವವರೂ ಇದ್ದಾರೆ, ಅದಕ್ಕೂ ಹತ್ತಲೇಬೇಕು.

ಔಷಧಿ ತಂಡವೆಂದರೆ ಸಾಮಾನ್ಯವಾಗಿ ನಾಲ್ಕೈದು ಜನ. ಹತ್ತುವವರು ಇಬ್ಬರು ಅಥವಾ ಮೂವರು, ಪಂಪಿನ ಹತ್ತಿರ ಒಬ್ಬ, ಪೈಪು ಎಳೆಯಲು ಒಬ್ಬ. ಪೈಪು ಎಳೆಯುವುದು ಹುಡುಗಾಟಿಕೆಯ ಕೆಲಸವೆಂದು ಹೊಸಬರಿಗೆ ಅನ್ನಿಸುತ್ತದೆ. ಮೇಲಿನವ ಮರದಿಂದ ಮರಕ್ಕೆ ದಾಟುವಾಗ ಕೆಳಗೆ ಪೈಪು ಕಾಳುಮೆಣಸಿನ ಬಳ್ಳಿಗೋ ಬಾಳೆಗೋ ಸಿಕ್ಕಿತೆನ್ನಿ, ಎಳೆತಕ್ಕೆ ಅವನ ಹಿಡಿತ ತಪ್ಪುತ್ತದೆ. ಹಾಗಾಗಿ ಪೈಪು ಹಿಡಿಯುವವನು ತಂಡದ ಹಿರಿಯನೇ ಆಗಿರುವುದು ಹೆಚ್ಚು. ಹತ್ತುವ ವಯಸ್ಸು ಮುಗಿದವ, ಮೊಣಕಾಲು ಹೋದವ. ಅವನ ಕತ್ತು ಯಾವಾಗಲೂ ಮೇಲಕ್ಕೆ. ಕವಳ ಹಾಕುವಾಗಲೂ ವೀಳ್ಯದೆಲೆಗೆ ಸುಣ್ಣ ಬಳಿಯುವುದು ಬೆರಳ ಅಂದಾಜಿನಲ್ಲಿ.

ಯಾವ ಮರ ಹತ್ತಬೇಕು, ಯಾವುದು ಬೇಡ ಎಂದು ತೀರ್ಮಾನಿಸುವವನೂ ಅವನೇ. ಅಡಿಕೆ ಮರಕ್ಕೆ ನೈಋತ್ಯದ ಇಳಿಬಿಸಿಲು ಆಗದು. ತೋಟದ ಆ ಅಂಚಿನ ಮರಗಳ ಕಾಂಡ ಒಂದೇ ಮಗ್ಗುಲಲ್ಲಿ ಸುಟ್ಟು, ಮೊದಲು ಹಳದಿಗೆ ತಿರುಗಿ, ಆಮೇಲೆ ಸೀಳು ಬಿಡುತ್ತದೆ. ಗಾಳಿಗೆ ಮುರಿಯುವುದು ಅಲ್ಲೇ. ಅಣಬೆ ರೋಗ ಬಂದ ಮರ ಬುಡದಲ್ಲೇ ಟೊಳ್ಳು. ಹಿರಿಯನು ಮರಕ್ಕೆ ಒಂದು ಸುತ್ತು ಬಂದು, ಕತ್ತಿಯ ಹಿಂಬದಿಯಿಂದ ಎರಡು ಪೆಟ್ಟು ಹಾಕಿ ಸದ್ದು ಕೇಳುತ್ತಾನೆ, ಭುಜ ಕೊಟ್ಟು ಒಮ್ಮೆ ಅಲುಗಿಸುತ್ತಾನೆ. "ತಮಾ, ಇದು ಬ್ಯಾಡ. ಆಚೆ ಮರದಿಂದ ಬಗ್ಗಿ ಹೊಡಿ" ಎಂದರೆ ಮುಗಿಯಿತು. ಆ ಮರದಲ್ಲಿ ಮೂರು ಕೊನೆ ಇವೆ ಎಂದು ಯಜಮಾನರು ಗೊಣಗಬಹುದು. ಗೊಣಗಾಟಕ್ಕೆ ಹಿರಿಯನ ಕಿವಿ ಮಂದ.

ಹತ್ತುವುದು ಹೇಗೆಂದು ನೋಡಿದವರಿಗೆ ಗೊತ್ತು: ಪಾದಕ್ಕೆ ಹಗ್ಗದ ತಳೆ, ಸೊಂಟಕ್ಕೆ ಕತ್ತಿ, ಮೇಲೆ ಮರಕ್ಕೆ ಬಿಗಿದು ಕೂರಲು ಹಗ್ಗ, ಹಲಗೆಯ ಪುಟ್ಟ ಆಸನ. ಏರುವುದರಲ್ಲಿ ದೊಡ್ಡ ವಿದ್ಯೆಯಿಲ್ಲ ಎಂದು ಕೊನೆಗೌಡರೇ ಹೇಳುತ್ತಾರೆ. ವಿದ್ಯೆ ಇರುವುದು ದಾಟುವುದರಲ್ಲಿ. ಅಡಿಕೆಯನ್ನು ಒಂಬತ್ತು ಅಡಿಗೊಂದರಂತೆ ನೆಡುವುದು ರೂಢಿ. ಪ್ರತಿ ಮರವನ್ನೂ ಬುಡದಿಂದ ಏರಿ ಇಳಿದರೆ ಮಧ್ಯಾಹ್ನದೊಳಗೆ ತೊಡೆ ಸೋಲುತ್ತದೆ. ಜೊತೆಗೆ ಕಾಳುಮೆಣಸಿನ ಬಳ್ಳಿ ಹಬ್ಬಿದ ಮರವನ್ನು ಕೆಳಗಿನಿಂದ ಏರುವಂತೆಯೇ ಇಲ್ಲ, ಬಳ್ಳಿ ಕಿತ್ತುಬರುತ್ತದೆ. ಅದಕ್ಕೇ ತುದಿಯಲ್ಲಿ ದಾಟಬೇಕು. ಕೂತಲ್ಲೇ ಮೈಯನ್ನು ಹಿಂದಕ್ಕೂ ಮುಂದಕ್ಕೂ ಒಲೆದು ಮರವನ್ನು ತೂಗಿಸುತ್ತಾನೆ. ಎರಡು ಮೂರು ತೂಗಿಗೆ ಮರ ಬಗ್ಗಿ ಪಕ್ಕದ್ದರ ಹತ್ತಿರ ಹೋಗುತ್ತದೆ. ಆಚೆಯ ಸೋಗೆಯ ಬುಡ ಕೈಗೆ ಸಿಗುತ್ತದೆ. ಎಳೆದುಕೊಳ್ಳುತ್ತಾನೆ. ಈಗ ಎಡಗೈಯಲ್ಲಿ ಒಂದು ಮರ, ಬಲಗೈಯಲ್ಲಿ ಒಂದು ಮರ, ಎರಡೂ ತಮ್ಮ ತಮ್ಮ ದಿಕ್ಕಿಗೆ ಸೆಳೆಯುತ್ತಿವೆ. ಒಂದು ಕಾಲು ಆಚೆ ಮರಕ್ಕೆ ಸುತ್ತಿಕೊಂಡ ಮೇಲೆ ಈಚೆಯದನ್ನು ಬಿಡುತ್ತಾನೆ. ಬಿಟ್ಟ ಮರ ರಪ್ಪನೆ ಹಿಂದಕ್ಕೆ ಸೆಟೆದು ನಿಲ್ಲುತ್ತದೆ, ಹಿಡಿದ ಮರ ಇವನನ್ನು ಹೊತ್ತುಕೊಂಡು ತನ್ನ ಜಾಗಕ್ಕೆ ಹಿಂತಿರುಗುತ್ತದೆ. ಸೋಗೆಯಲ್ಲಿ ನಿಂತ ಮಳೆನೀರೆಲ್ಲ ಕೆಳಗಿನವರ ತಲೆಗೆ. ಇದನ್ನು ಬೇಕೆಂದೇ ಮಾಡುವವರಿದ್ದಾರೆ. ಅದರಲ್ಲೂ ಕೆಳಗೆ ಯಜಮಾನರು ಹೊಸ ಅಂಗಿ ಹಾಕಿ ನಿಂತಿದ್ದರೆ.

ಈ ಎಲ್ಲದರ ನಡುವೆ ಮಾತು ನಿಲ್ಲುವುದಿಲ್ಲ. ತೋಟದೊಳಗೆ ಕಾಲಿಡುವ ಮೊದಲೇ ಕೇಳಿಸುತ್ತದೆ, ತಲೆಯ ಮೇಲೆಲ್ಲೋ ನಡೆದಿರುವ ಹರಟೆ. ಪಂಚಾಯ್ತಿ ರಾಜಕೀಯ, ನಿನ್ನೆ ರಾತ್ರಿಯ ಆಟದಲ್ಲಿ ಭಾಗವತರ ಗಂಟಲು ಕೈಕೊಟ್ಟದ್ದು, ಯಾರದೋ ಮದುವೆಯಲ್ಲಿ ಪಾಯಸ ಮುಗಿದದ್ದು.

"ಏ ತಮಾ, ಅದೊಂದೇ ಮರದಾಗೆ ಎಷ್ಟ್ ಹೊತ್ತೋ? ಸಂಸಾರ ಹೂಡಿದ್ಯಾ?"

"ಹೌದು, ಗೃಹಪ್ರವೇಶಕ್ಕೆ ನಿಂಗೂ ಹೇಳ್ತೆ, ಹತ್ತಿ ಬಾ."

ಹೊರಗಿನವರಿಗೆ ಇದು ಬರೀ ತಮಾಷೆ. ತೋಟದ ಕೆಲಸದ ಬಗ್ಗೆ ಬರೆಯುವವರೂ ಇದನ್ನು ದುಡಿಮೆಯ ದಣಿವು ಮರೆಸುವ ಲವಲವಿಕೆ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಸೋಗೆಯ ಮರೆಯಲ್ಲಿ ಕೂತವನು ಕೆಳಗಿನಿಂದ ಕಾಣುವುದಿಲ್ಲ. ಹೆಚ್ಚೆಂದರೆ ಒಂದು ಪಾದ ಕಾಣುತ್ತದೆ. ಅವನು ಸರಿಯಾಗಿದ್ದಾನೆ ಎನ್ನುವುದಕ್ಕೆ ಇರುವ ಗುರುತು ಅವನ ದನಿಯೊಂದೇ. ಕೀಟಲೆಗೆ ತಿರುಗುತ್ತರ ಬಂದರೆ ತಲೆ ನೆಟ್ಟಗಿದೆ, ಉಸಿರು ಹದದಲ್ಲಿದೆ, ಕೈ ಸೋತಿಲ್ಲ. ಉತ್ತರ ತಡವಾದರೆ, ಅಥವಾ ಹೂಂ ಎಂದಷ್ಟೇ ಬಂದರೆ, ಹಿರಿಯ ಎಲೆಯಡಿಕೆ ಉಗುಳಿ ಎದ್ದು ನಿಲ್ಲುತ್ತಾನೆ. ಮೌನಿಯಾದ ಹುಡುಗನನ್ನು ತಂಡಕ್ಕೆ ಸೇರಿಸಿಕೊಳ್ಳಲು ಕೊನೆಗೌಡರು ಹಿಂದೆಮುಂದೆ ನೋಡುತ್ತಾರೆ. ಕೆಲಸ ಬರುವುದಿಲ್ಲವೆಂದಲ್ಲ. ಅವನನ್ನು ಕಾಯುವುದು ಕಷ್ಟ.

ಒಂದು ಆಷಾಢದ ಹೊಳವಿನಲ್ಲಿ ಇದನ್ನು ಕಣ್ಣಾರೆ ಕಂಡೆ. ಎರಡನೆಯ ಔಷಧಿ, ಮೊದಲನೆಯದಾಗಿ ನಲವತ್ತು, ನಲವತ್ತೈದು ದಿನಕ್ಕೆ ಬರುವಂಥದ್ದು. ಮಳೆ ಅರ್ಧ ದಿನ ಬಿಟ್ಟಿತ್ತು, ಎಲ್ಲರಿಗೂ ಅವಸರ. ತಂಡದಲ್ಲಿ ಕಿರಿಯವ, ಬೆಳಗಿನಿಂದ ಸಿನಿಮಾ ಕತೆ ಹೇಳುತ್ತಿದ್ದವ, ಕತೆಯ ನಡುವೆ ನಿಲ್ಲಿಸಿಬಿಟ್ಟ. ಪೈಪು ಹಿಡಿದಿದ್ದ ಹಿರಿಯ ಎರಡು ಸಲ ಕೂಗಿದ. ಉತ್ತರವಿಲ್ಲ. ಪಂಪು ನಿಲ್ಲಿಸಿದರು. ಮೇಲೆ ಕಡಜದ ಗೂಡು. ಹುಳುಗಳು ಮುಖಕ್ಕೆ ಮುತ್ತಿದ್ದರಿಂದ ಅವನು ಬಾಯಿ ಬಿಡುವಂತಿರಲಿಲ್ಲ. ಇನ್ನೊಂದು ಮರದಲ್ಲಿದ್ದವ ನಾಲ್ಕು ಮರ ದಾಟಿ ಬರುವಷ್ಟರಲ್ಲಿ ಹುಡುಗ ಕಣ್ಣು ಮುಚ್ಚಿ, ಕಾಂಡವನ್ನು ಎದೆಗವಚಿ, ಸರ್ರನೆ ಜಾರಿಕೊಂಡು ಇಳಿದಿದ್ದ. ಅಂಗೈಯ, ಎದೆಯ ಚರ್ಮ ಕಿತ್ತುಬಂದಿತ್ತು. ಹಿರಿಯ ಒಂದು ಮಾತೂ ಆಡದೆ ಕವಳದ ಸಂಚಿ ಬಿಚ್ಚಿ, ಕಚ್ಚಿದ ಜಾಗಕ್ಕೆಲ್ಲ ಸುಣ್ಣ ಹಚ್ಚಿದ. ಹಣೆ, ಕಿವಿ, ಕುತ್ತಿಗೆ ಎಲ್ಲ ಬಿಳಿಚುಕ್ಕೆ. ಆಸರಿಗೆಗೆ ಮಜ್ಜಿಗೆ ಬಂತು. ಒಂದು ಲೋಟ ಒಳಗೆ ಹೋಗಿ ಹುಡುಗನ ನಡುಕ ನಿಂತಿತೋ ಇಲ್ಲವೋ, ನಾಲ್ಕು ಮರ ದಾಟಿ ಬಂದವ ಶುರು ಮಾಡಿದ: "ಅಲ್ಲ, ಆ ಹೀರೋಯಿನ್ ಕತೆ ಏನಾಯ್ತು ಹೇಳು ಮಾರಾಯಾ." ಆ ಮಳೆಗಾಲವಿಡೀ ಹುಡುಗನ ಹೆಸರು ಕಡಜದ ಅಳಿಯ.

ಇಂಥ ಮಾತಿಗೆ ಈಗ ಕುತ್ತು ಬಂದಿರುವುದು ಎಂಜಿನ್ನಿನಿಂದ. ಹಿಂದೆ ಗಟೋರ್ ಎನ್ನುವ ಕೈಪಂಪು. ಕೈಪಿಡಿಯನ್ನು ಹಿಂದೆ ಮುಂದೆ ತೂಗುತ್ತ ನಿಂತವರ ರಟ್ಟೆ ಸೋಲುತ್ತಿತ್ತು, ಆದರೆ ಸದ್ದು ಸಣ್ಣದು. ಮೇಲಿನವನ ಜೊತೆ ಮಾತಿಗೆ ಅಡ್ಡಿಯಿರಲಿಲ್ಲ. ಈಗ ಪೆಟ್ರೋಲ್ ಎಂಜಿನ್ ಅಥವಾ ಕರೆಂಟ್ ಮೋಟರು. ಕೆಲಸ ಬೇಗ, ಆಳು ಕಡಿಮೆ, ಆದರೆ ಎಂಜಿನ್ನಿನ ಅಬ್ಬರದಲ್ಲಿ ಯಾರ ದನಿಯೂ ಯಾರಿಗೂ ಇಲ್ಲ. ಅದಕ್ಕೆ ತಂಡಗಳು ತಮ್ಮದೇ ಉಪಾಯ ಕಂಡುಕೊಂಡಿವೆ. ಪೈಪನ್ನು ಒಮ್ಮೆ ಜಗ್ಗಿದರೆ ಬಿಡು, ಎರಡು ಸಲ ಜಗ್ಗಿದರೆ ನಿಲ್ಲಿಸು. ಕೆಲವರದ್ದು ಸಿಳ್ಳೆ. ಪಂಪಿನವ ಆಗಾಗ ಎಂಜಿನ್ ಆರಿಸಿ ಕೂಗು ಹಾಕಿ, ಉತ್ತರ ಬಂದ ಮೇಲೆ ಮತ್ತೆ ಹಚ್ಚುವುದೂ ಉಂಟು. ಪೆಟ್ರೋಲ್ ದಂಡವೆಂದು ಯಜಮಾನರು ಹೇಳಿದರೂ ಕೇಳುವುದಿಲ್ಲ. ಹೊಸ ಹುಡುಗರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹತ್ತುತ್ತಾರೆ. ಆಗ ಮಾತ್ರ ಹಿರಿಯರ ಬಾಯಲ್ಲಿ ಬರುವ ಬೈಗುಳವನ್ನು ಪುರವಣಿಯಲ್ಲಿ ಅಚ್ಚು ಹಾಕುವಂತಿಲ್ಲ.

ಬ್ರಿಟನ್ನಿನಲ್ಲಿ ಮರ ಹತ್ತಿ ಕೊಂಬೆ ಕತ್ತರಿಸಿ ಆರೈಕೆ ಮಾಡುವವರಿಗೆ ಮರದ ಶಸ್ತ್ರವೈದ್ಯರು ಎಂಬ ಗತ್ತಿನ ಹೆಸರಿದೆ. ಹೆಲ್ಮೆಟ್ಟು, ಸೊಂಟಪಟ್ಟಿ, ಎರಡೆರಡು ಹಗ್ಗ, ತರಬೇತಿಯ ಪ್ರಮಾಣಪತ್ರ ಎಲ್ಲ ಇದೆ. ಅಲ್ಲಿನ ಸುರಕ್ಷತಾ ನಿಯಮಗಳ ಪ್ರಕಾರ ಒಬ್ಬ ಮರದಲ್ಲಿದ್ದಾಗ, ಆಪತ್ತಿನಲ್ಲಿ ಹತ್ತಿ ಅವನನ್ನು ಇಳಿಸಿ ತರಬಲ್ಲ ಇನ್ನೊಬ್ಬ ಕೆಳಗೆ ಇರಲೇಬೇಕು. ಅದನ್ನು ಓದಿದಾಗ ನನಗೆ ನೆನಪಾದದ್ದು ನಾಲ್ಕು ಮರ ದಾಟಿ ಬಂದವ. ಅವನಿಗೆ ಯಾವ ನಿಯಮವೂ ಗೊತ್ತಿಲ್ಲ. ಆದರೆ ಕಾಗದದ ಮೇಲೆ ಇಲ್ಲದ ನಿಯಮಕ್ಕೆ ಒಂದು ತೊಂದರೆಯಿದೆ: ಆಳು ಸಿಗದ ದಿನ ಅದು ಮೊದಲು ಮುರಿಯುತ್ತದೆ. ಯಜಮಾನರು ಗೋಗರೆದರೆಂದು, ದಾಕ್ಷಿಣ್ಯಕ್ಕೆ, ನಾಲ್ಕು ಮರವಷ್ಟೇ ತಾನೇ ಎಂದು ಒಬ್ಬನೇ ಹತ್ತುವುದು. ಬಿದ್ದವರ ಕತೆ ಕೇಳುತ್ತ ಹೋದರೆ ಆ ನಾಲ್ಕು ಮರದ ದಾಕ್ಷಿಣ್ಯ ಮತ್ತೆ ಮತ್ತೆ ಬರುತ್ತದೆ.

ಬೀಳುವ ಮಾತನ್ನು ಕೊನೆಗೌಡರು ಮನೆಯಲ್ಲಿ ಆಡುವುದಿಲ್ಲ, ತೋಟದಲ್ಲಂತೂ ಇಲ್ಲ. ಸೊಂಟ ಮುರಿದು ಮಲಗಿದವನ ಗದ್ದೆ ನಾಟಿಗೆ ತಂಡದವರು ಮುಯ್ಯಾಳಾಗಿ ಹೋಗುತ್ತಾರೆ, ಆ ಮುಯ್ಯಿ ತೀರುವುದಿಲ್ಲವೆಂದು ಗೊತ್ತಿದ್ದೂ. ಆಸ್ಪತ್ರೆ ಖರ್ಚಿನ ಲೆಕ್ಕ ಮಾತ್ರ ಯಾರ ಕೈಗೂ ಹತ್ತುವುದಿಲ್ಲ. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆಯಿದೆ. ಮಂಡಳಿ 2011ರಲ್ಲಿ ಆರಂಭಿಸಿದ ತರಬೇತಿಯಲ್ಲಿ ಯಂತ್ರದ ನೆರವಿನಿಂದ ಹತ್ತಲು ಕಲಿತವರಲ್ಲಿ ಹೆಂಗಸರೂ ಇದ್ದಾರೆ. ಅಡಿಕೆಯ ವಿಷಯದಲ್ಲಿ ತೋಟದ ಯಜಮಾನರ ಒಳ್ಳೆಯತನವೇ ಹೆಚ್ಚಿನ ಕಡೆ ವಿಮೆ. ಒಳ್ಳೆಯತನ ಇಲ್ಲವೆಂದಲ್ಲ. ಔಷಧಿಯ ಸಮಯದಲ್ಲಿ ಕೊನೆಗೌಡನಿಗೆ ದೀಪಾವಳಿಗೆ ಬಂದ ಹೊಸ ಅಳಿಯನ ಉಪಚಾರ: ದೋಸೆಗೆ ಬೆಣ್ಣೆ, ಮಧ್ಯಾಹ್ನ ಪಾಯಸ, ಸಂಜೆ ಬಿಡಲು ಜೀಪು. ಮಳೆಗಾಲ ಮುಗಿದ ಮೇಲೆ ಎಷ್ಟು ಮನೆಯವರು ಅವನ ಮೊಣಕಾಲನ್ನು ವಿಚಾರಿಸುತ್ತಾರೆ ಎಂಬುದು ಬೇರೆ ಮಾತು. ನಾನೂ ತೋಟದ ಮನೆಯಿಂದ ಬಂದವನೇ, ಹಾಗಾಗಿ ಹೇಳಬಲ್ಲೆ.

"ಕೊನೆಗೌಡ ಸಿಗುವುದಿಲ್ಲ" ಎಂಬ ಗೋಳು ಹಳೆಯದು. ಕೂಲಿ ದಿನಕ್ಕೆ ಸಾವಿರ ದಾಟಿ ವರ್ಷಗಳಾದರೂ ಹೊಸಬರು ಬರುತ್ತಿಲ್ಲ. ಯಜಮಾನರ ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಕೊನೆಗೌಡರ ಮಕ್ಕಳೂ ಅಲ್ಲೇ ಇದ್ದರೆ ದೂರುವ ಹಕ್ಕು ಯಾರಿಗೆ? ಬೇಸಾಯದ ಬುದ್ಧಿವಂತಿಕೆ ಬೇರೆ ದಾರಿ ಹುಡುಕುತ್ತಿದೆ. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಕೃಷಿಕರೊಬ್ಬರು ಮಾಡಿದ, ಸವಾರಿ ಕೂತು ಮರ ಏರುವ ಪುಟ್ಟ ಬೈಕಿನಂಥ ಯಂತ್ರದ ವಿಡಿಯೊ 2019ರಲ್ಲಿ ದೇಶವೆಲ್ಲ ಓಡಾಡಿತು. ವಿಟ್ಲದ ಸಿಪಿಸಿಆರ್‌ಐ ಸಂಶೋಧನಾ ಕೇಂದ್ರ ಗಿಡ್ಡ ಮಿಶ್ರತಳಿಗಳನ್ನು ಕೊಟ್ಟಿದೆ. ಡ್ರೋನ್ ಹಾರಿಸಿ ನೋಡಿದವರಿದ್ದಾರೆ. ಎಲ್ಲಕ್ಕಿಂತ ಹೆಚ್ಚು ಹಬ್ಬಿದ್ದು ಕಾರ್ಬನ್ ಫೈಬರ್ ದೋಟಿ. ನೆಲದ ಮೇಲೆ ನಿಂತೇ ಕೊಯ್ಯಬಹುದು, ಔಷಧಿಯನ್ನೂ ಹೊಡೆಯಬಹುದು. ಕೆಳಗೆ ಇಬ್ಬರು ಬಲೆ ಹಿಡಿದು ಕೊನೆ ಬೀಳಿಸಿಕೊಳ್ಳುತ್ತಾರೆ. ದೋಟಿ ಬಂದದ್ದು ಒಳ್ಳೆಯದೇ. ಹತ್ತಲಾಗದ ಹಿರಿಯನಿಗೆ ಮತ್ತೆ ಕತ್ತಿ ಹಿಡಿಯುವ ಅವಕಾಶ ಬಂತು, ಹತ್ತದ ಹುಡುಗನೂ ಕಲಿತ. ಕತ್ತು ನೋವು ಬಂತು ಎಂದು ದೂರುತ್ತಾರೆ, ಆದರೆ ಕತ್ತು ನೋವು ಯಾರ ಮನೆಯ ದೀಪವನ್ನೂ ಆರಿಸುವುದಿಲ್ಲ. ಹೀಗಿದ್ದೂ ಮಲೆನಾಡಿನ ಹಳೆಯ ತೋಟದ ಒತ್ತೊತ್ತಾದ ಎತ್ತರದ ಮರಗಳಲ್ಲಿ ದೋಟಿ ಸೋಗೆಗೆ ಸಿಕ್ಕಿ ಒದ್ದಾಡುತ್ತದೆ. ಅದರ ಮೇಲೆ, ಈಚಿನ ವರ್ಷಗಳಲ್ಲಿ ಹೊಸನಗರ, ತೀರ್ಥಹಳ್ಳಿ, ಶೃಂಗೇರಿ ಕಡೆಯಿಂದ ಎಲೆಚುಕ್ಕಿ ರೋಗ ಬೇರೆ. ಕೊನೆಗಷ್ಟೇ ಹೊಡೆದರೆ ಸಾಲದು, ಸೋಗೆಗೂ ಹೊಡೆಯಬೇಕು. ಹತ್ತುವವನ ಕೆಲಸ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಕೊಯ್ಲಿನ ಕಾಲಕ್ಕೆ ತಂಡದ ಚಹರೆಯೇ ಬೇರೆ. ಔಷಧಿಯ ನೀಲಿ ಕಲೆ ಮಾಸಿರುತ್ತದೆ, ಕೈಯಲ್ಲಿ ನೇಣು. ಮೇಲಿನವ ಕೊನೆ ಕತ್ತರಿಸಿ ನೇಣಿಗೆ ಹಾಕಿ ಬಿಡುತ್ತಾನೆ. ಕೆಳಗೆ ದೂರದಲ್ಲಿ ನೇಣಿನ ತುದಿ ಬಿಗಿಹಿಡಿದು ನಿಂತವನ ಕಡೆಗೆ ಅದು ಜಾರಿ ಬರುತ್ತದೆ. ಬಂದು ಅಪ್ಪಳಿಸುವ ಮುನ್ನ ಹಗ್ಗ ಸಡಿಲಿಸಿ ವೇಗ ಮುರಿಯಬೇಕು. ಒಂದು ಗಳಿಗೆ ತಪ್ಪಿದರೆ ಅಡಿಕೆ ಚೆಲ್ಲಾಪಿಲ್ಲಿ, ಹೆಕ್ಕುವ ಹೆಂಗಸರ ಬಾಯಿಗೆ ಇಬ್ಬರೂ ಆಹಾರ. "ಕೈಯಾಗೆ ಹಿಡಿತಾ ಇದ್ಯೋ, ಕಣ್ಣಾಗೆ ಹಿಡಿತಾ ಇದ್ಯೋ?" ಯಾವ ಕೊನೆ ಬೆಳೆದಿದೆ, ಯಾವುದು ಇನ್ನೂ ಎಳತು ಎಂದು ನೋಡಿ ಹೇಳುವವನು ಮೇಲಿನವನೇ. ಕೆಂಪಡಿಕೆ ಮಾಡುವ ಮನೆಗೆ ಒಂದು ಹದ, ಹಣ್ಣಾಗಿಸಿ ಚಾಲಿ ಮಾಡುವ ಮನೆಗೆ ಇನ್ನೊಂದು. ಯಜಮಾನರ ವರ್ಷದ ಆದಾಯ ಆ ಕ್ಷಣದಲ್ಲಿ ಅವನ ಕಣ್ಣಿನ ಮೇಲೆ ನಿಂತಿರುತ್ತದೆ. ರಾತ್ರಿ ಅದೇ ಅಂಗಳದಲ್ಲಿ ಮೆಟ್ಟುಗತ್ತಿ ಹಾಕಿ ಸುಲಿಯಲು ಕೂತ ಹೆಂಗಸರು ಕಾಯಿ ನೋಡಿಯೇ ಹಗಲು ಯಾರು ಹತ್ತಿದ್ದರೆಂದು ಹೇಳಿಬಿಡುತ್ತಾರೆ. ಎಳತು ಕಾಯಿ ಹೆಚ್ಚು ಬಂದರೆ ಮರುದಿನ ಬೆಳಿಗ್ಗೆ ಆ ಹುಡುಗನಿಗೆ ಚಹಾದ ಜೊತೆ ಮಂಗಳಾರತಿ.

ಜಗಳ ಇಲ್ಲದ ತಂಡವಿಲ್ಲ, ಮತ್ತು ಜಗಳ ಬರುವುದು ಹೆಚ್ಚಾಗಿ ಸಂಜೆ, ದುಡ್ಡು ಹಂಚುವಾಗ. ಹತ್ತಿದವನಿಗೆ ಹೆಚ್ಚು, ಕೆಳಗಿದ್ದವನಿಗೆ ಕಡಿಮೆ ಎಂಬುದು ಸುಮಾರಾಗಿ ಎಲ್ಲ ಕಡೆಯ ರೂಢಿ. ಎಷ್ಟು ಹೆಚ್ಚು ಎಂಬುದರಲ್ಲಿ ಒಮ್ಮತವಿಲ್ಲ. ನಾನು ಕಂಡ ತಂಡದಲ್ಲಿ, ಕಡಜದ ಪ್ರಕರಣ ನಡೆದ ವಾರವೇ, ಇದರ ಚರ್ಚೆ ಎದ್ದಿತು. ಹತ್ತುವವರಲ್ಲೊಬ್ಬ ತನಗೆ ಇನ್ನೂ ನೂರು ಬೇಕೆಂದ; ಕೆಳಗೆ ನಿಂತು ಕವಳ ಜಗಿಯುವವನಿಗೂ ತನಗೂ ಇನ್ನೂರೇ ವ್ಯತ್ಯಾಸವೇ ಎಂದು ಅವನ ವಾದ. ಹಿರಿಯ ಅಂಗಳದ ತುದಿಯಲ್ಲಿ ಕಾಲು ತೊಳೆಯುತ್ತಿದ್ದ, ತಿರುಗಲೂ ಇಲ್ಲ. "ಅಣ್ಣನ ದುಡ್ಡು ಮುಟ್ಟಬ್ಯಾಡಿ" ಎಂದದ್ದು ಕಡಜದ ಅಳಿಯ. ಕೊನೆಗೆ ಹೆಚ್ಚಿನ ನೂರನ್ನು ಯಜಮಾನರ ಮೇಲೆ ಹೇರುವುದೆಂದು ತೀರ್ಮಾನವಾಯಿತು, ಮತ್ತು ಅದನ್ನು ಯಜಮಾನರಿಗೆ ಹೇಳುವ ಕೆಲಸ ಹಿರಿಯನಿಗೇ ಬಂತು. ಯಜಮಾನರು ಮುಖ ಹುಳಿ ಮಾಡಿಕೊಂಡು ಒಪ್ಪಿದರು. ತೋಟದ ಕೆಳಗಿನ ಭಾಗ ಇನ್ನೂ ಬಾಕಿ ಇತ್ತು, ಆಶ್ಲೇಷಾ ಮಳೆಗೆ ಎರಡೇ ದಿನ.